ಒಪ್ಪಲಿಲ್ಲ ಅಂದವರು ಯಾರು?

ಕಸದ ಡಬ್ಬಿಯಿಂದ ಹೊರಬಂದದ್ದು ಒಂದು ಹಿಡಿ ಮಾತ್ರೆ.

"ನೋಡಿ!" ಸರ್ಜನ್ ಇಡೀ ವಾರ್ಡಿಗೆ ಕೇಳುವಂತೆ ಕೂಗಿದ. "ಹೊಸ ಲಿವರ್ ಮೈಗೆ ಒಪ್ಪಲಿ ಅಂತ ಕೊಟ್ಟ ಮಾತ್ರೆ. ಹೆಂಡ್ತಿ ಕಸಕ್ಕೆ ಹಾಕಿದಾಳೆ. ರಿಜೆಕ್ಷನ್ ಆಗದೆ ಇನ್ನೇನಾಗತ್ತೆ?"

ಹಾಸಿಗೆಯ ಮೇಲೆ ಅಣ್ಣ ಮಲಗಿದ್ದ. ಕಣ್ಣು, ಅಂಗೈ ಎಲ್ಲ ಹಳದಿ. ಅವನ ಹೊಟ್ಟೆಯಲ್ಲಿದ್ದದ್ದು ತಂಗಿ ಕೊಟ್ಟ ಅರ್ಧ ಲಿವರ್. ತಂಗಿ ಪತ್ರಿಕೆಯೊಂದರ ಅಪರಾಧ ವರದಿಗಾರ್ತಿ. ಹಿಡಿದರೆ ಬಿಡದ ಅವಳಿಗೆ ಆಫೀಸಿನಲ್ಲಿ ಜಿಗಣೆ ಎಂದೇ ಹೆಸರು.

ಜಿಗಣೆಯ ಪಿತ್ತ ನೆತ್ತಿಗೇರಿತು.

"ಅತ್ತಿಗೆ, ನಾನು ಹೊಟ್ಟೆ ಕೊಯ್ಸಿಕೊಂಡು ಕೊಟ್ಟಿದ್ದನ್ನ ಹೀಗಾ ನೋಡ್ಕೊಳ್ಳೋದು?"

"ಅದು ಹಳೇ ಮಾತ್ರೆ ಕಣೇ. ಪವರ್ ಬದಲಾಯ್ಸಿದ್ರು. ಹಳೇದು ಬಿಸಾಕಿ ಅಂದವರು..."

"ಕಥೆ ಸಾಕು," ಸರ್ಜನ್ ಬಾಯಿ ಮುಚ್ಚಿಸಿದ. "ಪೊಲೀಸರಿಗೆ ತಿಳಿಸ್ತೀನಿ. ಸಂಜೆಗೆ ಜೋರು ಸ್ಟೀರಾಯ್ಡ್ ಶುರು. ತಡ ಆದ್ರೆ ಲಿವರ್ ಕೈಬಿಡತ್ತೆ."

* * *

ಮೇಲಿನ ಮಹಡಿಯಲ್ಲಿ ಲಿವರ್ ವೈದ್ಯೆಯೊಬ್ಬರಿದ್ದರು. ಅತ್ತಿಗೆಯ ಅರ್ಧಕ್ಕೇ ನಿಂತ ಮಾತು ಕೊರೆಯುತ್ತಿತ್ತು. ಜಿಗಣೆ ನೇರ ಅಲ್ಲಿಗೆ ನುಗ್ಗಿ ನಡೆದದ್ದನ್ನೆಲ್ಲ ಹೇಳಿದಳು.

"ಹಳದಿ ಆದ್ರೆಲ್ಲ ರಿಜೆಕ್ಷನ್ನಾ ಡಾಕ್ಟ್ರೇ?"

"ಯಾರು ಹೇಳಿದ್ದು? ಪಿತ್ತನಾಳ ಕಟ್ಟಿಕೊಂಡ್ರೂ ಕಾಮಾಲೆನೇ. ಮಾತ್ರೆ ತಪ್ಪಿದ್ರೆ ರಕ್ತದಲ್ಲಿ ಔಷಧಿ ಇಳಿದಿರತ್ತೆ. ಅದೆಷ್ಟಿದೆ?"

"ಸರಿಯಾಗಿದೆ ಅಂದ್ರು ನರ್ಸು."

"ಹಾಗಾದ್ರೆ ಮಾತ್ರೆ ಹೊಟ್ಟೆಗೆ ಹೋಗಿದೆ. ಆದ್ರೂ ರಿಜೆಕ್ಷನ್ ಆಗಬಹುದು. ಸೂಜಿ ಹಾಕಿ ಲಿವರಿನ ಚೂರು ತೆಗೆದು ನೋಡಿದ್ರಾ?"

"ಪುರಸೊತ್ತಿಲ್ಲ ಅಂದ್ರಂತೆ ಸರ್ಜನ್ನು."

ವೈದ್ಯೆ ಕನ್ನಡಕ ತೆಗೆದರು. "ನಾಳ ಕಟ್ಟಿ ಕೀವಾಗಿದ್ರೆ, ಮೇಲೆ ಸ್ಟೀರಾಯ್ಡ್ ಕೊಟ್ರೆ ಮನುಷ್ಯ ಉಳಿಯಲ್ಲ. ಈಗಲೇ ಸ್ಕ್ಯಾನ್ ಮಾಡ್ತೀನಿ."

ಜಿಗಣೆಗೆ ತನ್ನ ನಾಲಿಗೆಯ ಮೇಲೆಯೇ ಸಿಟ್ಟು ಬಂತು. ಅತ್ತಿಗೆಯ ಮುಖ ಹೇಗೆ ನೋಡುವುದು?

* * *

ಅಣ್ಣ ಮೊಣಕಾಲು ಕೆರೆದುಕೊಳ್ಳುತ್ತಿದ್ದ. ಚರ್ಮ ಕಿತ್ತು ರಕ್ತ ಬಂದಿತ್ತು.

"ಯಾವಾಗಿಂದ ಅಣ್ಣ?"

"ತುಂಬ ದಿನ ಆಯ್ತು. ಮಲನೂ ಬಿಳಿಚಿದೆ. ಸರ್ಜನ್ನೂ ಬಂದಾಗೆಲ್ಲ ಅದನ್ನೇ ಕೇಳ್ತಾರೆ. ಕೆರೆತ ಹೆಚ್ಚಾಯ್ತಾ, ಮಲ ಬಿಳಿಚಿಕೊಳ್ತಾ ಅಂತ. ಮನೆಯವರಿಗೆ ಹೇಳ್ಬೇಡಿ, ಸುಮ್ನೆ ಗಾಬರಿ ಬೀಳ್ತಾರೆ ಅಂದ್ರು."

ಪ್ರಶ್ನೆ ಕೇಳುವುದೇ ಜಿಗಣೆಯ ಕಸುಬು. ಏನೂ ಗೊತ್ತಿಲ್ಲದವನು 'ಹೇಗಿದೀರಿ' ಎನ್ನುತ್ತಾನೆ. ಉತ್ತರ ಅರ್ಧ ಗೊತ್ತಿದ್ದವನು ಮಾತ್ರ ಮಲದ ಬಣ್ಣ ವಿಚಾರಿಸುತ್ತಾನೆ. ಗೊತ್ತಿದ್ದೂ ಬಾಯಿ ಬಿಡಬೇಡಿ ಎನ್ನುವವನನ್ನು ಏನೆಂದು ಕರೆಯಬೇಕೋ ಅದು ಪತ್ರಿಕೆಯಲ್ಲಿ ಅಚ್ಚಾಗುವ ಮಾತಲ್ಲ.

* * *

ಸಂಜೆ ಸರ್ಜನ್ ವಾರ್ಡಿಗೆ ಬಂದ. ಸ್ಟೀರಾಯ್ಡ್ ಬಾಟಲಿ ಆಗಲೇ ಕಂಬಕ್ಕೆ ತೂಗುಬಿದ್ದಿತ್ತು. ಜಿಗಣೆ ಅಡ್ಡ ನಿಂತಳು.

"ಮುಟ್ಟಬೇಡಿ."

"ಏನಮ್ಮ, ಅಣ್ಣ ಸಾಯ್ಲಾ?"

"ಅದನ್ನ ನಾನು ನಿಮಗೆ ಕೇಳ್ಬೇಕು. ಕೆರೆತ ಇದೆ, ಮಲ ಬಿಳಿಚಿದೆ. ಎರಡೂ ಪಿತ್ತ ಇಳೀತಿಲ್ಲ ಅನ್ನೋ ಗುರುತು. ಅದಕ್ಕೇ ಬಂದಾಗೆಲ್ಲ ಕೇಳ್ತಿದ್ರಿ."

"ಅನುಮಾನ ಇತ್ತು ಅಷ್ಟೇ," ಎಂದ ಸರ್ಜನ್.

"ಅನುಮಾನ ಇದ್ದವರು ಸ್ಕ್ಯಾನ್ ಮಾಡಿಸ್ತಾರೆ," ಹಿಂದಿನಿಂದ ವೈದ್ಯೆ ಹೇಳಿದರು. "ನಾನು ಮಾಡಿಸಿದೆ. ನೀವು ಹೊಲಿದ ಜಾಗದಲ್ಲೇ ನಾಳ ಬಿಗಿದಿದೆ. ಅದರ ಮೇಲಿನ ಭಾಗ ಊದಿಕೊಂಡಿದೆ."

"ನನ್ನ ಹೊಲಿಗೆ ಒಂದೂ ಬಿಗಿದಿಲ್ಲ ಅಂತ ಊರೆಲ್ಲ ಕೊಚ್ಚಿಕೊಂಡು ತಿರುಗ್ತೀರಿ," ಜಿಗಣೆ ಬಿಡಲಿಲ್ಲ. "ಆ ಜಂಬ ಉಳೀಬೇಕು. ಅದಕ್ಕೆ ರಿಜೆಕ್ಷನ್ ಅಂದ್ರಿ. ಹಳೇ ಮಾತ್ರೆ ಬಿಸಾಕಿ ಅಂತ ಅತ್ತಿಗೆಗೆ ಹೇಳಿದ್ದೂ ನೀವೇ, ಪೊಲೀಸರಿಗೆ ತಿಳಿಸ್ತೀನಿ ಅಂದಿದ್ದೂ ನೀವೇ. ನಾನು ಕೊಟ್ಟಿದ್ದನ್ನ ನಮ್ಮಣ್ಣನ ಮೈ ಒಪ್ಪಿತ್ತು. ತಪ್ಪು ಒಪ್ಪದೇ ಇದ್ದವರು ನೀವೊಬ್ರೇ!"

ನರ್ಸ್ ಬಂದು ಬಾಟಲಿ ಕೆಳಗಿಳಿಸಿದಳು. ಸರ್ಜನ್ ತಡೆಯಲಿಲ್ಲ.

* * *

ಬಾಯಿಯಿಂದ ಕೊಳವೆ ಇಳಿಸಿ, ಬಿಗಿದ ನಾಳಕ್ಕೆ ಸಣ್ಣ ನಳಿಗೆ ಕೂರಿಸಿದರು. ಪಿತ್ತ ಇಳಿಯಿತು. ಅಣ್ಣ ಕಣ್ಣುತುಂಬ ನಿದ್ದೆ ಮಾಡಿದ. ಜಿಗಣೆ ಅತ್ತಿಗೆಯ ಕೈ ಹಿಡಿದು ತಪ್ಪಾಯ್ತು ಎಂದಳು. ಅತ್ತಿಗೆ ಕೈ ಬಿಡಿಸಿಕೊಳ್ಳಲಿಲ್ಲ.

ಸರ್ಜನ್ ಮೇಲೆ ಆಸ್ಪತ್ರೆಯ ವಿಚಾರಣೆ ಶುರುವಾದ ದಿನ ಅವನು ಹಾಸಿಗೆಯ ಹತ್ತಿರ ಬಂದ. ಆಚೀಚೆ ನೋಡಿ ದನಿ ಇಳಿಸಿದ.

"ಮಾತ್ರೆ ವಿಷಯದಲ್ಲಿ... ನಿಮ್ಮದೇನೂ ತಪ್ಪಿರಲಿಲ್ಲಮ್ಮ."

ಅತ್ತಿಗೆ ಎದ್ದು ನಿಂತಳು.

"ಜೋರಾಗಿ ಹೇಳಿ," ಎಂದಳು. "ಇಡೀ ವಾರ್ಡಿಗೆ ಕೇಳಲಿ."