ಶಾಯಿಸ್ತಾ ಕೂತು ನೋಡಿದ ಖೋ ಖೋ

ಪ್ರಿಸಿಲ್ಲಾ ಔಟಾದಾಗ ಶಾಯಿಸ್ತಾಗೆ ಒಳಗೊಳಗೇ ಖುಷಿಯಾಯಿತು.

ಪ್ಲಾಸ್ಟರ್ ಹಾಕಿದ ಎಡಗಾಲನ್ನು ಚಾಚಿಕೊಂಡು ಅವಳು ಶಾಲೆಯ ಗ್ರೌಂಡಿನ ಅಂಚಿನಲ್ಲಿ ಕುರ್ಚಿಯ ಮೇಲೆ ಕೂತಿದ್ದಳು. ಕಮರಿಪೇಟೆಯ ಮನೆಯ ಮೆಟ್ಟಿಲಲ್ಲಿ ಜಾರಿ ಬಿದ್ದು ಎಲುಬು ಮುರಿದಿತ್ತು. ಧಾರವಾಡದ ಖೋ ಖೋ ಮ್ಯಾಚಿಗೆ ಅವಳ ಬದಲು ಈಗ ಪ್ರಿಸಿಲ್ಲಾ. ಅವಳ ಜೆರ್ಸಿಯೂ ಪ್ರಿಸಿಲ್ಲಾಳ ಮೈಮೇಲೆ.

ಮನೆಯಲ್ಲಿ ಮುಖ ಊದಿಸಿಕೊಂಡು ಕೂರುವುದಕ್ಕಿಂತ ಪ್ರಾಕ್ಟೀಸ್ ನೋಡಲಿ ಎಂದು ಅಬ್ಬಾ ದಿನಾ ಸ್ಕೂಟರಿನಲ್ಲಿ ತಂದು ಬಿಡುತ್ತಿದ್ದರು. ಮೊದಮೊದಲು ಶಾಯಿಸ್ತಾ ಆ ಜೆರ್ಸಿಯನ್ನಷ್ಟೇ ನೋಡುತ್ತಿದ್ದಳು. ಯಾರಾದರೂ ಪ್ರಿಸಿಲ್ಲಾಗೆ ಚಪ್ಪಾಳೆ ತಟ್ಟಿದರೆ ತಾನು ಕೈ ಕಟ್ಟಿಕೊಂಡುಬಿಡುತ್ತಿದ್ದಳು.

ಆದರೆ ಸುಮ್ಮನೆ ಕೂತವಳು ಎಷ್ಟೊತ್ತು ಅದನ್ನೇ ನೋಡಿಯಾಳು? ಮೆಲ್ಲಗೆ ಕಣ್ಣು ಆಟದ ಕಡೆ ಹೊರಳಿತು. ಓಡುವಾಗ ಅವಳಿಗೆ ಬೆನ್ನ ಹಿಂದೆ ಮುಟ್ಟಲು ಬರುವ ಕೈ ಬಿಟ್ಟು ಬೇರೇನೂ ಗೊತ್ತಾಗುತ್ತಿರಲಿಲ್ಲ. ಇಲ್ಲಿಂದ ಇಡೀ ಆಟ ಕಾಣುತ್ತಿತ್ತು.

ಪ್ರಿಸಿಲ್ಲಾ ಯಾಕೆ ಔಟಾಗುತ್ತಾಳೆಂಬುದೂ ಕಂಡಿತು. ಕೂತವರ ಸಾಲು ದಾಟುವ ಮೊದಲೇ ಅವಳ ತಲೆ ಆ ಕಡೆ ತಿರುಗುತ್ತಿತ್ತು. ತಕ್ಷಣ ಆ ಕಡೆ ಮುಖ ಮಾಡಿ ಕೂತವಳಿಗೆ ಖೋ ಸಿಕ್ಕು, ಅವಳು ಎದ್ದು ಪ್ರಿಸಿಲ್ಲಾಳನ್ನು ಮುಟ್ಟಿಬಿಡುತ್ತಿದ್ದಳು.

ಶಾಯಿಸ್ತಾ ಯಾರಿಗೂ ಹೇಳಲಿಲ್ಲ.

ನೀರು ಕುಡಿಯಲು ಬಿಟ್ಟಾಗ ಪ್ರಿಸಿಲ್ಲಾ ಬಂದು ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಕಣ್ಣು ಕೆಂಪಾಗಿತ್ತು.

"ನೀ ಇದ್ದಿದ್ರ ಛಲೋ ಇತ್ತು," ಎಂದಳು. "ನಾ ಎಷ್ಟ್ ಜೋರ್ ಓಡಿದ್ರೂ ಸಿಕ್ಕಬಿಡತೇನಿ."

ಶಾಯಿಸ್ತಾ ಪ್ಲಾಸ್ಟರನ್ನೇ ಕೆರೆಯುತ್ತ ಕೂತಳು. ಸುಮ್ಮನಿದ್ದರೆ ಇವಳು ನಾಳೆಯೂ ಔಟಾಗುತ್ತಾಳೆ. ಆಗ ಎಲ್ಲರೂ ಶಾಯಿಸ್ತಾಳನ್ನೇ ನೆನೆಸುತ್ತಾರೆ.

ಪ್ರಿಸಿಲ್ಲಾ ಎದ್ದು ಹೊರಟಳು.

"ಪ್ರಿಸಿಲ್ಲಾ, ನಿಂದ್ರು. ದಾಟೂಕಿಂತ ಮೊದ್ಲ ತಲಿ ತಿರಗಸ್ತಿ ನೀ. ಅದಕ್ಕ ಅವ್ರಿಗೆ ಗೊತ್ತಾಗತೈತಿ."

"ಖರೇನ?"

"ಹೂಂ. ಕಾಲಷ್ಟ ತಿರಗಬೇಕು."

ಮುಂದಿನ ಆಟದಲ್ಲಿ ಪ್ರಿಸಿಲ್ಲಾ ಬಹಳ ಹೊತ್ತು ಸಿಗಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಶಾಯಿಸ್ತಾ ಮತ್ತೆ ಕೈ ಕಟ್ಟಿಕೊಂಡಳು. ಹಿಂದೆಯೇ ಒಂದು ನೆನಪೂ ಬಂತು. ಹೋದ ವರ್ಷ ತಾನು ಔಟಾದಾಗಲೂ ಹಾಗೇ ತಲೆ ತಿರುಗಿಸಿದ್ದಳಲ್ಲವೇ? ಓಟದ ವೇಗ ಸಾಲದಾಯಿತು ಎಂದು ಅವತ್ತು ಅತ್ತಿದ್ದಳು.

ಪ್ಲಾಸ್ಟರ್ ಬಿಚ್ಚಿದ ಮೇಲೆ ಹಾಗೆ ಓಡುವುದಿಲ್ಲ ಎಂದುಕೊಂಡಳು. ನೋಡುವುದು ಇನ್ನೂ ಎಷ್ಟೋ ಇತ್ತು.

ಪಿ.ಟಿ. ಟೀಚರ್ ದಾನವ್ವ ಆ ಕಡೆಯಿಂದ ಹೋಗುತ್ತಿದ್ದರು. ಶಾಯಿಸ್ತಾ ಕೈ ಎತ್ತಿ ಕರೆದಳು.

"ಟೀಚರ್, ನನ್ನ ಕುರ್ಚಿ ಆ ಕಂಬದ ಕಡಿ ಇಡತೀರೇನ್ರಿ? ಮೂಲ್ಯಾಗ ಹೆಂಗ್ ತಿರಗತಾರ ಅನ್ನೂದು ಇಲ್ಲಿಂದ ಕಾಣವಲ್ದು."