ಹತ್ತಕ್ಕೆ ನಿಂತ ಕೂಗು

“ಏಳು ಸಾವಿರ ಬಿಟ್ಟೆ,” ಅಂದಳು ಸುಕನ್ಯಳ ಅಮ್ಮ ಅಂಜಮ್ಮ.

“ಎಂಟು,” ಅಂದರು ಹಾರ್ಡ್‌ವೇರ್ ಅಂಗಡಿಯ ಕಲ್ಪನಮ್ಮ, ಕಡಲೆಕಾಯಿ ಸುಲಿಯುತ್ತಾ.

ಚೀಟಿ ನಡೆಸುವ ಅಶ್ವತ್ಥಮ್ಮನವರ ಜಗಲಿಯಲ್ಲಿ ಐವತ್ತು ಸಾವಿರದ ಚೀಟಿ ಕೂಗು ನಡೆದಿತ್ತು. ಯಾರು ಹೆಚ್ಚು ಬಿಟ್ಟುಕೊಡುತ್ತಾರೋ ಈ ತಿಂಗಳ ಚೀಟಿ ಅವರಿಗೆ. ಬಿಟ್ಟ ದುಡ್ಡು ಎಲ್ಲರಿಗೂ ಹಂಚಿಕೆ.

ಸುಕನ್ಯ ಅಮ್ಮನ ಸೆರಗು ಹಿಡಿದು ಕೂತಿದ್ದಳು. ಅಕ್ಕ ಅರ್ಚನಳ ನರ್ಸಿಂಗ್ ಕಾಲೇಜಿನ ಫೀಸು ನಲವತ್ತು ಸಾವಿರ. ನಾಳೆಯೇ ಲಾಸ್ಟ್ ಡೇಟ್. ಬ್ಯಾಂಕಿನವರು ಲೋನಿಗೆ ಸ್ಯಾಲರಿ ಸ್ಲಿಪ್ ಕೇಳಿದ್ದರು. ಡೇರಿಗೆ ಹಾಲು ಹಾಕುವವರ ಹತ್ತಿರ ಅದೆಲ್ಲಿಂದ ಬರಬೇಕು?

“ಒಂಬತ್ತು.”

“ಒಂಬತ್ತೂವರೆ.” ಕಲ್ಪನಮ್ಮ ತಲೆ ಎತ್ತಲೂ ಇಲ್ಲ.

ಅಮ್ಮ ಬೆರಳು ಮಡಚಿ ಲೆಕ್ಕ ಹಾಕಿದಳು. “ಹತ್ತು,” ಅಂದಳು. ಇನ್ನು ಮೇಲೆ ಹೋದರೆ ಫೀಸಿಗೆ ಸಾಲದು.

ಕಲ್ಪನಮ್ಮ ಮಡಿಲಿನ ಸಿಪ್ಪೆ ಕೊಡವಿ ನಕ್ಕರು. “ಎತ್ಕೋ ಅಂಜಮ್ಮ. ಮಗಳು ಓದ್ಲಿ.”

ಸರಿಯಾಗಿ ಹತ್ತಕ್ಕೇ ಯಾಕೆ ನಿಂತರು? ಸುಕನ್ಯ ಅಮ್ಮನ ಸೆರಗು ಬಿಟ್ಟಳು. ಶಾಲೆಯಲ್ಲಿ ಊಟದ ಬೆಲ್ಲಿನಲ್ಲಿ ಕಲ್ಪನಮ್ಮನ ಮಗಳು ದಿವ್ಯಳಿಗೆ ಫೀಸು, ಲಾಸ್ಟ್ ಡೇಟ್ ಎಲ್ಲಾ ಒದರಿದ್ದವಳು ಸುಕನ್ಯಳೇ.

ಎಲ್ಲರೂ ಎದ್ದು ಹೋದರು. ಅಮ್ಮ ದುಡ್ಡನ್ನು ಸೆರಗಿಗೆ ಗಂಟು ಹಾಕಿ ಚಪ್ಪಲಿ ಮೆಟ್ಟಿದಳು.

“ಅಮ್ಮ, ದಿವ್ಯಂಗೆ ನಾನೇ ಹೇಳ್ಬಿಟ್ಟೆ.”

“ಗೊತ್ತಾಯ್ತು. ಓಗ್ಲಿ ಬಿಡೇ. ನಾಳೆ ಅಕ್ಕ ಬಂಗಾರಪೇಟೆಗೆ ಟ್ರೈನ್ ಅತ್ತಿ ಫೀಸು ಕಟ್ತಾಳಲ್ಲ.”

“ದಿವ್ಯನ ಅಣ್ಣನ ಫೀಸಿಗೂ ಚೀಟಿನೇ ಅಂತೆ. ಅವ್ರು ಎಷ್ಟು ಬಿಟ್ರು?”

“ಏನೂ ಬಿಡ್ಲಿಲ್ಲ. ಆ ಚೀಟೀಲಿ ಕೊನೇ ತಿಂಗಳು ಎತ್ತಿದ್ರು, ಆಗ ಎದುರು ಕೂಗೋರು ಇರಲ್ಲ, ಪೂರ್ತಿ ಬಂತು. ಅವ್ರಿಗೆ ಕಾಯಕ್ಕೆ ಆಯ್ತದೆ.”

ನಾಲ್ಕು ಹೆಜ್ಜೆ ಹೋದ ಅಮ್ಮ ಅಲ್ಲೇ ನಿಂತಳು. ತಿರುಗಿ ಬಂದಳು.

“ಅಶ್ವತ್ಥಕ್ಕ, ಮಕ್ಕಳ ಎಸರಲ್ಲಿ ಒಸ ಚೀಟಿ ಶುರು ಮಾಡ್ತೀಯಲ್ಲ, ಸುಕನ್ಯನ್ನೂ ಬರ್ಕೋ. ಕೊನೇದು ನಂಗೆ. ಅದು ಮುಗುದ್ರೆ ಇನ್ನೊಂದು.”

“ಇವಳಿನ್ನೂ ಐದನೇ ಕ್ಲಾಸಲ್ವೇನೇ?”

“ಅದಕ್ಕೇ.”

ಅಶ್ವತ್ಥಮ್ಮ ಪುಸ್ತಕ ತೆರೆದರು. ಸುಕನ್ಯ ಬಗ್ಗಿ ನೋಡಿದಳು. ದಿವ್ಯಳ ಹೆಸರು ಆಗಲೇ ಇತ್ತು. ಅದರ ಕೆಳಗೇ ತನ್ನದೂ ಬಂತು.

ನಾಳೆ ಊಟದ ಬೆಲ್ಲಿನಲ್ಲಿ ಇದನ್ನು ದಿವ್ಯಳಿಗೆ ಹೇಳಬೇಕು ಅನಿಸಿತು. ಆಮೇಲೆ, ಬೇಡ ಅನಿಸಿತು.