ಹಿಂದಿನ ಸೀಟಿನಲ್ಲಿ ಅತ್ತೆ

ಲಾರಿ ನೇರ ನಮ್ಮ ಮೇಲೆಯೇ ಬರುತ್ತಿತ್ತು!

ಲಾರಿಯದೇನೂ ತಪ್ಪಿರಲಿಲ್ಲ. ಅದು ತನ್ನ ಪಾಡಿಗೆ ತನ್ನ ಬದಿಯಲ್ಲಿ ಬರುತ್ತಿತ್ತು. ತಪ್ಪು ಬದಿಯಲ್ಲಿದ್ದವನು ನಾನು.

"ಬಲಕ್ಕೆ! ಸರ್, ಬಲಕ್ಕೆ ತಗೊಳ್ಳಿ!" ಪಕ್ಕದಲ್ಲಿ ಕೂತಿದ್ದ ಟೈ ಕಿರುಚಿದ.

ಟೈ ಅನ್ನುವುದು ನಾನು ಇಟ್ಟ ಹೆಸರು. ಆಸಾಮಿ ಕಾರು ಬಾಡಿಗೆ ಕೊಡುವ ಅಂಗಡಿಯ ಮ್ಯಾನೇಜರು. ಆ ಟೈ ಹಿಡಿದೇ ಅವನನ್ನು ಅಂಗಡಿಯಿಂದ ಎಳೆದುಕೊಂಡು ಬಂದು, ಅವನದೇ ವ್ಯಾನಿನಲ್ಲಿ ಕೂರಿಸಿದ್ದೆ. ಟೈ ಕಟ್ಟಿಕೊಂಡವನಿಗೆ ಬೇರೆ ಹಗ್ಗ ಬೇಕಿಲ್ಲ.

"ನಮ್ಮ ಕಡೆ ಎಡಗಡೆಯೇ ಓಡಿಸೋದು," ಅಂದೆ. "ಹುಟ್ಟುಗುಣ. ನಮ್ಮತ್ತೆ ಎಲ್ಲಿ?"

"ನಂಗೊತ್ತಿಲ್ಲ!"

ಆಕ್ಸಿಲರೇಟರ್ ಒತ್ತಿದೆ. ಲಾರಿಯ ಮೂತಿಗೆ ಅಂಟಿಕೊಂಡಿದ್ದ ಸತ್ತ ಹುಳುಗಳು ಒಂದೊಂದಾಗಿ ಕಾಣತೊಡಗಿದವು.

"ನಮ್ಮತ್ತೆ ಎಲ್ಲಿ?"

"ಗ್ಯಾರೇಜು! ಬಂದರಿನ ಹಿಂದೆ... ಗ್ಯಾರೇಜಲ್ಲಿ!"

ಸ್ಟೇರಿಂಗ್ ಎಳೆದೆ. ಲಾರಿ ನಮ್ಮ ಎಡಗಡೆಯ ಕನ್ನಡಿಯನ್ನು ಕಿತ್ತುಕೊಂಡು, ಬೈದುಕೊಂಡು ಹೋಯಿತು.

"ರೀ, ತಿರುಗೋವಾಗ ಇಂಡಿಕೇಟರ್ ಹಾಕಿ," ಹಿಂದಿನಿಂದ ನನ್ನ ಹೆಂಡತಿ ಅಂದಳು.

ಹಾಕಿದೆ. ವೈಪರ್ ಓಡಾಡಿತು. ಆ ದೇಶದಲ್ಲಿ ಅದೂ ಉಲ್ಟಾ!

ನಿಮಗೆ ಮೊದಲಿನಿಂದ ಹೇಳಬೇಕು.

ಕಂತು ಕಟ್ಟದವರ ಗಾಡಿ ಎತ್ತಿಕೊಂಡು ಬರುವುದು ನನ್ನ ಕಸುಬು. ಫೈನಾನ್ಸ್ ಕಂಪನಿಯವರು ಡೂಪ್ಲಿಕೇಟ್ ಕೀ ಕೊಡುತ್ತಾರೆ. ನಾನು ಹೋಗುತ್ತೇನೆ, ಗಾಡಿ ತರುತ್ತೇನೆ. ನಡುವೆ ಏನಾಯಿತೆಂದು ಯಾರೂ ಕೇಳುವುದಿಲ್ಲ. ಅಂಥವನು ಹೆಂಡತಿಯ ಕಾಟಕ್ಕೆ ಫಾರಿನ್ ಟೂರಿಗೆ ಹೊರಟೆ. ಹೆಂಡತಿಯ ಹಿಂದೆ ಅವಳ ಅಮ್ಮ. ನೂಲಿನ ಹಿಂದೆ ಸೂಜಿ.

ಬೆಳಿಗ್ಗೆ ಇದೇ ಟೈ ಕೌಂಟರಿನ ಹಿಂದೆ ಹಲ್ಲು ಬಿಟ್ಟುಕೊಂಡು ನಿಂತಿದ್ದ. ಗೋಡೆಯ ಮೇಲೆ ಕಡಲತೀರದ ದೊಡ್ಡ ಪೋಸ್ಟರು. ಅದರಲ್ಲಿ ಸಂಸಾರವೊಂದು ಕಾರಿಗೆ ಒರಗಿ ನಗುತ್ತಿತ್ತು. ಅಷ್ಟು ನಗಬೇಕಾದರೆ ಆ ಕಾರು ಅವರದಾಗಿರಲಿಕ್ಕಿಲ್ಲ. ಟೈ ನಮ್ಮ ಮೂವರ ಪಾಸ್‌ಪೋರ್ಟ್ ಇಸಿದುಕೊಂಡು ಡ್ರಾಯರಿಗೆ ಹಾಕಿ ಬೀಗ ಜಡಿದ. ಕಾರು ವಾಪಸ್ ಬಂದ ಮೇಲೆ ಪಾಸ್‌ಪೋರ್ಟ್ ವಾಪಸ್ಸಂತೆ. ಅವನದೂ ನನ್ನದೂ ಹರಕು ಮುರುಕು ಇಂಗ್ಲಿಷು. ನಿಮಗೆ ಸಲೀಸಾಗಲಿ ಎಂದು ಕನ್ನಡದಲ್ಲಿ ಹೇಳುತ್ತಿದ್ದೇನೆ.

"ಇನ್ನೊಂದು ಕೀ ಎಲ್ಲಿ?" ಕೇಳಿದೆ.

"ಕಳೆದುಹೋಗಿದೆ ಸರ್."

ಕಳೆದುಹೋದ ಕೀಗಳ ಮೇಲೆಯೇ ನನ್ನ ಸಂಸಾರ ನಡೆಯುವುದು! ಬಾಯಿ ತೆಗೆದೆ. ಹೆಂಡತಿಯ ಮೊಣಕೈ ಪಕ್ಕೆಗೆ ಬಿತ್ತು.

"ರಜೆಗೆ ಬಂದಿದೀರಿ. ಎಲ್ಲರನ್ನೂ ಕಳ್ಳರ ಥರ ನೋಡ್ಬೇಡಿ."

ನೋಡಲಿಲ್ಲ.

ಲೈಟ್‌ಹೌಸ್ ನೋಡಲು ಗುಡ್ಡದ ಬುಡದಲ್ಲಿ ಕಾರು ನಿಲ್ಲಿಸಿದೆವು. ಅತ್ತೆ ಇಳಿಯಲಿಲ್ಲ. ವಾಂತಿ ಬಾರದಿರಲಿ ಎಂದು ಮಾತ್ರೆ ನುಂಗಿದ್ದರು. ಕಣ್ಣು ಎಳೆಯುತ್ತಿತ್ತು.

"ಆ ದೀಪದ ಕಂಬ ನೀವೇ ನೋಡ್ಕೊಂಡು ಬನ್ನಿ ಅಳಿಯಂದ್ರೇ. ಹಗಲಲ್ಲಿ ದೀಪ ಯಾಕೆ ನೋಡ್ಬೇಕೋ, ದೇವರಿಗೇ ಗೊತ್ತು!"

ಕಿಟಕಿ ಸ್ವಲ್ಪ ಇಳಿಸಿದೆ. ಅತ್ತೆ ಹಿಂದಿನ ಸೀಟಿನಲ್ಲಿ ಮುದುರಿಕೊಂಡು, ತಮ್ಮ ಕೊಡೆ ತಬ್ಬಿಕೊಂಡು, ತಲೆಯಿಂದ ಕಾಲಿನವರೆಗೆ ಶಾಲು ಹೊದ್ದು ಮಲಗಿದರು.

ಇಳಿದು ಬಂದಾಗ ಕಾರು ಇರಲಿಲ್ಲ.

ಅತ್ತೆಯೂ ಇರಲಿಲ್ಲ.

ನೆಲ ನೋಡಿದೆ. ಒಂದು ಚೂರು ಗಾಜಿಲ್ಲ. ಎಳೆದ ಗುರುತಿಲ್ಲ. ಕೀ ಹಾಕಿ, ತಿರುಗಿಸಿ, ಓಡಿಸಿಕೊಂಡು ಹೋಗಿದ್ದಾರೆ. ನನ್ನದೇ ವಿದ್ಯೆ... ನನ್ನ ಮೇಲೆಯೇ!

ಹೆಂಡತಿ ಅಳಲಿಲ್ಲ. ಬ್ಯಾಗು ತೆರೆದು ತೋರಿಸಿದಳು. ಅತ್ತೆಯ ಊಟದ ಡಬ್ಬಿ, ಸಕ್ಕರೆ ಪೊಟ್ಟಣ, ಎಲ್ಲ ಅದರಲ್ಲಿತ್ತು.

"ಬೆಳಿಗ್ಗೆ ಇನ್ಸುಲಿನ್ ಚುಚ್ಚಿದೀನಿ ರೀ. ಹೊತ್ತಿಗೆ ಸರಿಯಾಗಿ ಹೊಟ್ಟೆಗೆ ಬೀಳದಿದ್ರೆ ಶುಗರ್ ಇಳಿದುಬಿಡುತ್ತೆ. ಮಲಗಿದ ಕಡೆಯೇ ಎಚ್ಚರ ತಪ್ಪಿದ್ರೂ ಯಾರಿಗೂ ಗೊತ್ತಾಗಲ್ಲ..."

ಸೂರ್ಯ ಆಗಲೇ ನೆತ್ತಿಗೆ ಬಂದಿದ್ದ.

ಟ್ಯಾಕ್ಸಿ ಹಿಡಿದು ಅಂಗಡಿಗೆ ನುಗ್ಗಿದೆವು. ಟೈ ಮುಖ ಸಣ್ಣದು ಮಾಡಿಕೊಂಡ. ಚೆನ್ನಾಗಿ ತಾಲೀಮಾದ ಸಣ್ಣ ಮುಖ. ಕಾರಿನ ಪೂರ್ತಿ ಬೆಲೆ ಕೊಡುವ ತನಕ ಪಾಸ್‌ಪೋರ್ಟ್ ಇಲ್ಲ ಎಂದ. ಕಂಪನಿ ರೂಲ್ಸು ಎಂದ. ತುಂಬಾ ಬೇಜಾರಾಗಿದೆ ಎಂದ.

"ನಿನ್ನ ಕಾರು ಹಾಳಾಗಿ ಹೋಗ್ಲಿ," ಅಂದೆ. "ಹಿಂದಿನ ಸೀಟಲ್ಲಿ ನಮ್ಮತ್ತೆ ಮಲಗಿದ್ರು."

ಅವನ ಮುಖದ ಬಣ್ಣ ಕತ್ತಿನಿಂದ ಕೆಳಗಿಳಿದು ಟೈಯೊಳಗೆ ಸೇರಿಕೊಂಡಿತು.

ಅವನ ಕೈ ಫೋನಿಗೆ ಹೋಗಿ ಯಾರಿಗೋ ಕರೆ ಒತ್ತಿತು. ಅದರ ಮೇಲೆ ನನ್ನ ಕೈ ಇಟ್ಟೆ.

"ಯಾರಿಗೆ?"

"ಪೊ... ಪೊಲೀಸರಿಗೆ ಸರ್."

ಸ್ಕ್ರೀನ್ ನೋಡಿದೆ. ಬೋಳುತಲೆಯ ಒಬ್ಬ ಕೈಯಲ್ಲಿ ಸ್ಪ್ಯಾನರ್ ಹಿಡಿದು ನಗುತ್ತಿದ್ದ. ಅಷ್ಟು ಖುಷಿಯಾಗಿರುವ ಪೊಲೀಸನನ್ನು ನಾನು ಯಾವ ದೇಶದಲ್ಲೂ ನೋಡಿಲ್ಲ.

ಬೋಳ ಫೋನ್ ಎತ್ತಲಿಲ್ಲ. ಅದನ್ನು ನನ್ನ ಜೇಬಿಗೆ ಇಳಿಸಿದೆ. ಟೈ ಬಾಯಿ ಬಿಡಲಿಲ್ಲ. ಹಾಗಾಗಿ ಆ ಲಾರಿ...

ನಮ್ಮ ಕಸುಬಿನಲ್ಲಿ ಮೊದಲ ಪಾಠ ಏನು ಗೊತ್ತೇ? ಕೀ ತಿರುಗಿಸುವ ಮೊದಲು ಹಿಂದಿನ ಸೀಟು ನೋಡು! ಮಲಗಿದ ಮಗು ಇರಬಹುದು, ನಾಯಿ ಇರಬಹುದು, ಸಾಲಗಾರನೇ ಇರಬಹುದು. ಅಷ್ಟೂ ಕಲಿಯದೆ ಕದಿಯಲು ಹೊರಟವರನ್ನು ಕಳ್ಳರು ಎನ್ನಲು ನನಗೆ ನಾಚಿಕೆಯಾಗುತ್ತದೆ.

ಬಂದರಿನ ಹಿಂದೆ ತಗಡಿನ ಶೆಡ್ಡುಗಳ ಸಾಲು. ಕೊನೆಯ ಶೆಡ್ಡಿನ ಬಾಗಿಲು ಹಾರುಹೊಡೆದಿತ್ತು. ವ್ಯಾನ್ ನಿಲ್ಲಿಸಿ ಟೈಯನ್ನು ಮುಂದೆ ತಳ್ಳಿಕೊಂಡು ಒಳಗೆ ಹೋದೆ.

ಕಾರಿಲ್ಲ. ಬೋಳನಿಲ್ಲ. ಬಿಚ್ಚಿಟ್ಟ ನಂಬರ್ ಪ್ಲೇಟುಗಳು, ಒಂದು ಜಾಕ್, ನೆಲದ ತುಂಬ ಕಪ್ಪು ಗ್ರೀಸು.

ಗ್ರೀಸಿನ ನಡುವೆ ಒಂದು ಚಪ್ಪಲಿ.

ಅತ್ತೆಯದು.

ಹೆಂಡತಿ ಅದನ್ನು ಎತ್ತಿಕೊಂಡಳು. ಸೆರಗಿನಿಂದ ಒರೆಸಿದಳು. ಒರೆಸುತ್ತಲೇ ಇದ್ದಳು. ಅವಳು ಬೈದರೆ ತಡೆದುಕೊಳ್ಳಬಹುದು...

"ಎಲ್ಲಾದ್ರೂ ಇಳಿಸಿರ್ತಾನೆ ಬಿಡಿ ಸರ್," ಟೈ ಗೊಣಗಿದ. "ಅಷ್ಟೊಂದು ಯಾಕೆ? ವಯಸ್ಸಾದ ಹೆಂಗಸು ತಾನೇ."

ನಾನು ಹೊಡೆಯಲಿಲ್ಲ. ನಿಜ ಹೇಳುತ್ತೇನೆ, ಹೊಡೆಯಬೇಕೆಂದು ತಿರುಗುವಷ್ಟರಲ್ಲಿ ಹೆಂಡತಿ ಹೊಡೆದಾಗಿತ್ತು. ಅದೇ ಚಪ್ಪಲಿಯಲ್ಲಿ. ಎರಡೂ ಕೆನ್ನೆಗೆ, ಲೆಕ್ಕ ತಪ್ಪದಂತೆ.

ಅಷ್ಟರಲ್ಲಿ ಟೈಯ ಫೋನ್ ಹೊಡೆದುಕೊಂಡಿತು. ನನ್ನ ಜೇಬಿನಲ್ಲಿ! ತೆಗೆದೆ. ಸ್ಕ್ರೀನಿನಲ್ಲಿ ಅದೇ ಬೋಳುತಲೆ.

ಸ್ಪೀಕರ್ ಹಾಕಿದೆ.

ಬೋಳ ತನ್ನ ಭಾಷೆಯಲ್ಲಿ ಒಂದೇ ಸಮ ಅರಚುತ್ತಿದ್ದ. ಒಂದಕ್ಷರ ತಿಳಿಯಲಿಲ್ಲ. ಆದರೆ ಅವನ ಹಿಂದಿನಿಂದ ಇನ್ನೊಂದು ದನಿ ಬರುತ್ತಿತ್ತು. ಅದು ಮಾತ್ರ ಚೆನ್ನಾಗಿ ತಿಳಿಯಿತು.

"ಗಾಡಿ ಓಡಿಸೋವಾಗ ಫೋನಲ್ಲಿ ಮಾತಾಡ್ತೀಯೇನೋ? ಇಡು ಕೆಳಗೆ! ಇಡೂ ಅಂದೆ!"

ಫಟ್ ಎಂದು ಸದ್ದಾಯಿತು. ಬೋಳ "ಆಯ್!" ಎಂದ. ಲೈನ್ ಕಟ್ಟಾಯಿತು.

"ಅಮ್ಮ..." ಹೆಂಡತಿ ಫೋನಿನ ಕಡೆ ಬಾಗಿದಳು.

ಟೈಯ ಕೊರಳಪಟ್ಟಿ ಹಿಡಿದೆ. "ಏನಂದ?"

"ಸಮುದ್ರದ ರಸ್ತೆಯಲ್ಲಿದ್ದಾನಂತೆ ಸರ್."

"ಮತ್ತೆ?"

"ಆಯಮ್ಮ..." ಟೈ ಕೆನ್ನೆ ಸವರಿಕೊಂಡ. "ಆಯಮ್ಮ ಕಾರಿಂದ ಇಳೀತಾನೇ ಇಲ್ಲವಂತೆ!"

ಸಮುದ್ರದ ರಸ್ತೆ ಹಾವಿನಂತೆ ಸುತ್ತಿಕೊಂಡು ಹೋಗುತ್ತದೆ. ಒಂದು ಕಡೆ ಬಂಡೆ, ಇನ್ನೊಂದು ಕಡೆ ನೀರು. ಮೂರನೆಯ ತಿರುವಿನಲ್ಲಿ ಎದುರಿಗೆ ನಮ್ಮ ಬಿಳಿ ಕಾರು ಕಂಡಿತು. ಸ್ಟೇರಿಂಗಿನ ಹಿಂದೆ ಹೊಳೆಯುವ ಬೋಳುತಲೆ. ಅದರ ಹಿಂದೆ ನೆಟ್ಟಗೆ ಕೂತ ಅತ್ತೆ.

ಅವಸರದಲ್ಲಿ ನಾನು ಮತ್ತೆ ಎಡಗಡೆಗೇ ಬಂದಿದ್ದೆ. ಈ ಸಲ ಬೇಕೆಂದು ಮಾಡಿದ್ದಲ್ಲ!

ಬೋಳ ನೋಡಿದ್ದೇನು? ಒಂದು ಕನ್ನಡಿ ಕಿತ್ತುಹೋದ ವ್ಯಾನು, ಒಣ ಬಿಸಿಲಿನಲ್ಲಿ ವೈಪರ್ ಬೀಸುತ್ತ, ನೇರ ತನ್ನ ಮೇಲೆ ಬರುತ್ತಿದೆ. ಹುಚ್ಚನೂ ಹಾಗೆ ಬರುವುದಿಲ್ಲ. ಅವನು ಸರ್ರನೆ ಕಾರು ತಿರುಗಿಸಿದ. ಬಂದ ದಾರಿಯಲ್ಲೇ ಓಟ ಕಿತ್ತ.

ಬೆನ್ನು ಹತ್ತಿದೆ.

ತಿರುವು... ಇನ್ನೊಂದು ತಿರುವು... ಟಯರುಗಳು ಕಿರುಗುಟ್ಟಿದವು. ಟೈ ಕಣ್ಣು ಮುಚ್ಚಿಕೊಂಡು ಯಾವುದೋ ದೇವರನ್ನು ಕರೆಯುತ್ತಿದ್ದ. ಹೆಂಡತಿ ನನ್ನ ಭುಜ ಹಿಡಿದು ಅಲ್ಲಾಡಿಸುತ್ತಿದ್ದಳು.

"ಬೇಗ ರೀ! ... ಅಯ್ಯೋ, ಅಷ್ಟು ಬೇಗ ಬೇಡ! ಅವನು ನೀರಿಗೆ ಹಾರಿಸಿಬಿಟ್ರೆ?"

ಮುಂದೆ ಚೂಪಾದ ತಿರುವು. ಅಲ್ಲಿ ತಡೆಗೋಡೆ ಇರಲಿಲ್ಲ. ಬೋಳ ವೇಗ ಇಳಿಸಲಿಲ್ಲ.

ಆಗ ಹಿಂದಿನ ಸೀಟಿನಿಂದ ಒಂದು ಕೊಡೆ ಮೇಲೆದ್ದಿತು.

ಇಳಿಯಿತು.

ಸರಿಯಾಗಿ ಬೋಳು ತಲೆಯ ನಡುವಿಗೆ!

ಬ್ರೇಕ್ ದೀಪ ಕೆಂಪಗೆ ಹೊತ್ತಿತು. ಕಾರು ನೀರಿನ ಕಡೆಗೆ ವಾಲಿ, ಜಾರಿ... ನಿಂತಿತು. ಮುಂದಿನ ಚಕ್ರದ ಕೆಳಗಿನಿಂದ ಎರಡು ಕಲ್ಲು ಉರುಳಿ ಸಮುದ್ರಕ್ಕೆ ಬಿದ್ದವು.

ಓಡಿದೆ. ಬೋಳ ಎರಡೂ ಕೈ ಮೇಲೆತ್ತಿ ಹೊರಗೆ ಬಂದ. ನನ್ನನ್ನು ನೋಡಿ ಅಲ್ಲ. ಅತ್ತೆಯ ಕಡೆ ತಿರುಗಿ!

"ಅಮ್ಮಾ!" ಹೆಂಡತಿ ಕಾರಿನೊಳಗೆ ನುಗ್ಗಿದಳು. "ಕೈ ನಡುಗ್ತಿದೆಯಾ? ತಲೆ ಸುತ್ತುತ್ತಾ? ಏನಾದ್ರೂ ತಿಂದ್ಯಾ?"

"ತಿಂದೆ ಕಣೇ. ಎದ್ದಾಗ ಕೈಕಾಲೆಲ್ಲ ನಡುಕ. ಈ ಡ್ರೈವರಿಗೆ ಕೈ ತೋರಿಸಿ, ಬಾಯಿ ತೋರಿಸಿ ಹೇಳಿದೆ. ಪಾಪ, ಓಡಿಹೋಗಿ ಜ್ಯೂಸು, ಬನ್ನು ತಂದ."

"ಡ್ರೈವರಾ?" ಅಂದೆ.

"ಮತ್ತಿನ್ನೇನು? ಬಾಡಿಗೆ ಕಾರು ಅಂದ್ಮೇಲೆ ಡ್ರೈವರ್ ಇಲ್ಲದೆ ಇರ್ತಾನಾ? ಬೆಳಿಗ್ಗೆ ನೀವೇ ಓಡಿಸೋದು ನೋಡಿ, ಅಳಿಯಂದ್ರು ಇಲ್ಲೂ ಕಾಸು ಉಳಿಸಿದ್ರು ಅಂದ್ಕೊಂಡಿದ್ದೆ. ಕಣ್ಣು ಬಿಟ್ರೆ ಇವನಿದ್ದ. ಸದ್ಯ, ಬುದ್ಧಿ ಬಂತಲ್ಲ ಅನ್ನಿಸ್ತು!"

ಟೈಯನ್ನು ದುಭಾಷಿಯಾಗಿ ಮುಂದೆ ಬಿಟ್ಟುಕೊಂಡು ಬೋಳನನ್ನು ವಿಚಾರಿಸಿದೆ. ಶೆಡ್ಡಿನಲ್ಲಿ ಹಿಂದಿನ ಬಾಗಿಲು ತೆಗೆದವನು ಶಾಲಿನ ಗಂಟು ಎದ್ದು ಕೂತದ್ದನ್ನು ನೋಡಿ ಹೌಹಾರಿದನಂತೆ. ಎಳೆದು ಹಾಕಲು ಕೈ ಚಾಚಿದನಂತೆ. ಅತ್ತೆ ಆ ಕೈ ಹಿಡಿದುಕೊಂಡು ಇಳಿಯಲು ಕಾಲಿಟ್ಟರು. ಗ್ರೀಸು ನೋಡಿದರು. ಇಂಥ ಗಲೀಜಿನಲ್ಲಿ ಇಳಿಯುವುದಿಲ್ಲವೆಂದು ಅಂಟಿಕೊಂಡ ಚಪ್ಪಲಿಯನ್ನು ಅಲ್ಲೇ ಬಿಟ್ಟು ಕಾಲು ಒಳಗೆಳೆದುಕೊಂಡು, ಬೇರೆ ಕಡೆ ನಡಿ ಎಂದು ಕೊಡೆ ತೋರಿಸಿದರು.

ಎಷ್ಟೋ ಕಾರು ಕದ್ದ ಕೈ ಅವನದು. ಆದರೆ ಅಪ್ಪಣೆ ಕೊಡುವವರನ್ನು ಕದ್ದ ಅನುಭವ ಇರಲಿಲ್ಲ.

"ಬಾಗಿಲು ತೆಗೆದು, ಕೈ ಕೊಟ್ಟು ಇಳಿಸೋಕೆ ಬಂದ," ಅತ್ತೆ ನನ್ನನ್ನೇ ನೋಡಿ ಅಂದರು. "ಇಷ್ಟು ವರ್ಷದಲ್ಲಿ ನೀವು ಒಂದು ದಿನ ಬಾಗಿಲು ತೆಗೆದಿದೀರಾ ಅಳಿಯಂದ್ರೇ?"

ಹೆಂಡತಿ ಅವನು ಕಳ್ಳ ಎಂದು ಬಿಡಿಸಿ ಹೇಳಿದಳು. ಅತ್ತೆ ಬೋಳನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಟೈಯನ್ನು ನೋಡಿದರು.

"ಕಳ್ಳನೋ ಸುಳ್ಳನೋ, ಹಸಿದಾಗ ಬನ್ನು ತಂದ. ಇವನನ್ನೇ ಇಟ್ಕೊಳ್ಳಿ. ಆ ಕೊರಳಿಗೆ ಬಟ್ಟೆ ಕಟ್ಕೊಂಡವನು ಮಾತ್ರ ನನ್ನ ಕಣ್ಣೆದುರಿಗೆ ಬೇಡ."

ಪೊಲೀಸರಿಗೆ ಹೇಳಿದರೆ ರಜೆಯೆಲ್ಲ ಸ್ಟೇಷನ್ನಿನ ಬೆಂಚಿನ ಮೇಲೆ ಕಳೆಯಬೇಕು. ಅದು ನನಗೂ ಗೊತ್ತು, ಟೈಗೂ ಗೊತ್ತು. ಹಾಗಾಗಿ ಅವನ ಕಿವಿಯಲ್ಲಿ ನನ್ನ ರೇಟು ಹೇಳಿದೆ. ಪಾಸ್‌ಪೋರ್ಟುಗಳು ಈಗಲೇ ಕೈಗೆ ಬರಬೇಕು. ಎರಡು ಕೀಗಳೂ ನನ್ನ ಜೇಬಿನಲ್ಲಿರಬೇಕು. ರಜೆ ಮುಗಿಯುವವರೆಗೆ ಬೋಳನ ಸಂಬಳ ಟೈಯೇ ಕೊಡಬೇಕು. ಇಲ್ಲವೆಂದರೆ ವಯಸ್ಸಾದ ಹೆಂಗಸನ್ನು ಅಪಹರಿಸಿದ ಕೇಸು. ಶುಗರ್ ಪೇಷೆಂಟು ಬೇರೆ!

ಟೈ ಒಪ್ಪಿದ. ಅವನ ಕೆನ್ನೆ ಮೊದಲೇ ಒಪ್ಪಿತ್ತು.

ಬೋಳ ಚೆನ್ನಾಗಿಯೇ ಓಡಿಸಿದ. ವೇಗ ಹೆಚ್ಚಾದರೆ ಹಿಂದಿನಿಂದ ಕೊಡೆ. ಹಾರ್ನ್ ಮರೆತರೆ ಕೊಡೆ. ಎರಡೇ ದಿನದಲ್ಲಿ ಆಸಾಮಿ ಎಷ್ಟು ಪಳಗಿದನೆಂದರೆ, ಅತ್ತೆ ಕೆಮ್ಮಿದರೆ ಸಾಕು, ಗೇರ್ ಇಳಿಸುತ್ತಿದ್ದ.

ಕೊನೆಯ ದಿನ ವಿಮಾನ ನಿಲ್ದಾಣದ ಬಾಗಿಲಲ್ಲಿ ಸೂಟ್‌ಕೇಸು ಇಳಿಸಿ ಕೊಟ್ಟ. ಹೆಂಡತಿಯೂ ಅತ್ತೆಯೂ ಮುಂದೆ ಹೋದರು. ಅವನು ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದು, ಇಷ್ಟು ದಿನದಲ್ಲಿ ಹೆಕ್ಕಿಕೊಂಡ ಹರಕು ಇಂಗ್ಲಿಷಿನಲ್ಲಿ ಕೇಳಿದ.

"ಸರ್, ಇಂಥ ಅಮ್ಮಂದಿರು ನಿಮ್ಮ ದೇಶದಲ್ಲಿ ಎಷ್ಟು ಜನ ಇದ್ದಾರೆ?"

"ಮನೆಗೊಬ್ಬರು."

ಅವನು ತಲೆ ಸವರಿಕೊಂಡ.

"ಹಾಗಾದ್ರೆ ಅಲ್ಲಿ ಕಳ್ಳರೆಲ್ಲ ಏನು ಮಾಡ್ತಾರೆ ಸರ್?"

"ಅಳಿಯಂದಿರಾಗ್ತಾರೆ," ಅಂದೆ.